ಚಪ್ಪಾಳೆ ಬಿದ್ದ ವಾಕ್ಯ

ನಮ್ಮ ವಿಶ್ವವಿದ್ಯಾಲಯದ ರೆಕ್ಟರ್ ವೇದಿಕೆಯ ಮೇಲೆ ನಿಂತು ಆಡುವ ಮಾತೆಲ್ಲ ನನ್ನದು. ಪದವಿ ಪ್ರದಾನದ ಭಾಷಣ, ವಸಂತದ ನೌರೂಜ್ ಹಬ್ಬಕ್ಕೆ ಶುಭಾಶಯ, ಮಂತ್ರಿ ಬಂದರೆ ಸ್ವಾಗತ, ಹಳೇ ಪ್ರೊಫೆಸರ್ ಸತ್ತರೆ ಸಂತಾಪ, ಎಲ್ಲವನ್ನೂ ನಾನು ಬರೆದುಕೊಡುತ್ತೇನೆ, ಅವರು ಓದುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ರೆಕ್ಟರುಗಳು ಬದಲಾದರು, ಬರೆಯುವವಳು ಬದಲಾಗಲಿಲ್ಲ. ಉಳಿದ ಹೊತ್ತಿನಲ್ಲಿ ನಾನು ಕಿರ್ಗಿಜ್ ಭಾಷಾ ವಿಭಾಗದಲ್ಲಿ ಶೈಲಿಯ ಪಾಠ ಮಾಡುವ ಊಲ್ಕಾನ್. ಬಿಷ್ಕೆಕ್‌ನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ನಾನು ಹೆಣೆದ ವಾಕ್ಯ ಕೇಳಿ ತಲೆವಸ್ತ್ರದ ಅಂಚಿನಲ್ಲಿ ಕಣ್ಣೊರೆಸಿಕೊಂಡ ತಾಯಂದಿರು ಊರ ತುಂಬ ಇದ್ದಾರೆ.

ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ನಮ್ಮ ಭಾಷೆಯಲ್ಲಿ ವಾಕ್ಯ ಎಷ್ಟು ದೂರ ಸುತ್ತಾಡಿದರೂ ಕ್ರಿಯಾಪದ ಕೊನೆಗೇ ಬರಬೇಕು. ಕೇಳುವವನು ಅಲ್ಲಿಯವರೆಗೆ ಉಸಿರು ಹಿಡಿದು ಕಾಯುತ್ತಾನೆ. ಅಲ್ಲಿಗೆ ತಲುಪಿದ ಮೇಲೆ ದಾರಿಯಲ್ಲಿ ಏನೇನು ಕಂಡಿದ್ದನೋ ಮರೆತುಬಿಡುತ್ತಾನೆ. ‘ಜನ ಚಪ್ಪಾಳೆ ತಟ್ಟಬೇಕಾದ್ದನ್ನು ಕೊನೆಗಿಡಿ, ತಟ್ಟಬಾರದ್ದನ್ನು ನಡುವೆ ಸಿಕ್ಕಿಸಿ’ ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಹುಡುಗರು ನಗುತ್ತಾರೆ. ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ಮೇದೆತ್. ಈಗ ಅವನು ಸಮಾರಂಭಗಳ ಉಸ್ತುವಾರಿ. ನಾನು ಬರೆದದ್ದು ರೆಕ್ಟರ್ ಕೈ ಸೇರುವ ಮುಂಚೆ ಅವನ ಮೇಜು ದಾಟಬೇಕು.

ಆ ವರ್ಷ ಫೆಬ್ರವರಿಯ ಒಂದು ನಸುಕಿನಲ್ಲಿ ಹುಡುಗಿಯರ ಹಾಸ್ಟೆಲಿಗೆ ಬೆಂಕಿ ಬಿತ್ತು. ಶುರುವಾದದ್ದು ಕಾರಿಡಾರಿನ ಗೋಡೆಯಲ್ಲಿದ್ದ ಹಳೇ ವಿದ್ಯುತ್ ಪೆಟ್ಟಿಗೆಯಲ್ಲಿ. ಅದು ಚಟಚಟ ಅನ್ನುತ್ತದೆ ಎಂದು ಹುಡುಗಿಯರು ಚಳಿಗಾಲದ ಮೊದಲೇ ದೂರು ಕೊಟ್ಟಿದ್ದರು. ಹಿಂಬಾಗಿಲಿಗೆ ಬೀಗ ಇತ್ತು. ಹುಡುಗಿಯರು ಸಂಜೆ ಹೊರಗೆ ಹೋಗದಿರಲಿ ಎಂದು ಆಡಳಿತದವರೇ ಹಾಕಿಸಿದ್ದ ಬೀಗ. ಸಿರ್ಗಾ ಸತ್ತದ್ದು ಆ ಬಾಗಿಲಿನ ಒಳಮಗ್ಗುಲಲ್ಲಿ. ಕೊನೆಯ ವರ್ಷದ ಹುಡುಗಿ, ನನ್ನ ವಿದ್ಯಾರ್ಥಿನಿ. ತರಗತಿಯಲ್ಲಿ ನನ್ನ ತಪ್ಪು ಹಿಡಿಯುವಷ್ಟು ಧೈರ್ಯ ಇದ್ದವಳು ಅವಳೊಬ್ಬಳೇ. ಅವಳ ಕೋಣೆಯಲ್ಲೇ ಇದ್ದ, ಅವಳ ಊರಿನವಳೇ ಆದ ಬೆರ್ಮೆತ್ ಉಳಿದಳು, ಆದರೆ ಎರಡೂ ಕೈ ಸುಟ್ಟುಹೋದವು. ಕೋಣೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದೂ ಸೇರಿ, ಅವಳಿಗೆ ಹೊಗೆಯ ಹೊರತು ಬೇರೇನೂ ನೆನಪಿಲ್ಲ.

ಊರಿಗೆ ಸುದ್ದಿ ಮುಟ್ಟಿಸಲು ಹೋದವರಲ್ಲಿ ನಾನೂ ಇದ್ದೆ. ನಾರಿನ್ ಕಡೆಯ ಹಳ್ಳಿ. ನಮ್ಮಲ್ಲಿ ಸಾವಿನ ಸುದ್ದಿಯನ್ನು ತಂದೆಗೆ ನೇರವಾಗಿ ಹೇಳುವುದಿಲ್ಲ. ಹಾರಿಹೋದ ಹಕ್ಕಿಯ ಮಾತು ತೆಗೆಯುತ್ತೇವೆ, ಬತ್ತಿದ ಬುಗ್ಗೆಯ ಮಾತು ತೆಗೆಯುತ್ತೇವೆ, ಕೇಳುವವನೇ ಮೆಲ್ಲಗೆ ನೆಲಕ್ಕೆ ಕೂರುವ ತನಕ ಕಾಯುತ್ತೇವೆ. ಅದು ಕೇಳುವವನ ಎದೆ ಒಡೆಯದಿರಲಿ ಎಂದು ಬಳಸುವ ಸುತ್ತು ಮಾತು. ಹೇಳುವವನ ಮೈಗೆ ಮಸಿ ಹತ್ತದಿರಲಿ ಎಂದು ಬಳಸುವ ಸುತ್ತು ಮಾತು ಬೇರೆ ಇದೆ. ಅದನ್ನು ತನಿಖಾ ಸಮಿತಿ ಬರೆಯಿತು: ‘ವಿದ್ಯುತ್ ಒಲೆಯ ಅಜಾಗರೂಕ ಬಳಕೆಯಿಂದ ಬೆಂಕಿ ಉಂಟಾಗಿರುವ ಸಾಧ್ಯತೆ ಕಂಡುಬಂದಿದೆ.’

ಬಳಸಿದವರು ಯಾರು? ಇಲ್ಲ. ಕಂಡವರು ಯಾರು? ಅವರೂ ಇಲ್ಲ. ವಾಕ್ಯದಲ್ಲಿ ಮಾಡಿದವರು ಕೂರುವ ಕುರ್ಚಿಯನ್ನು ಖಾಲಿ ಬಿಟ್ಟು ಸಮಿತಿ ಎದ್ದುಹೋಯಿತು. ಆ ಖಾಲಿ ಕುರ್ಚಿ ಹಳ್ಳಿ ತಲುಪಿದಾಗ ಜನ ಸುಮ್ಮನಿರುತ್ತಾರೆಯೇ? ಸತ್ತವಳನ್ನೇ ಎಳೆದು ತಂದು ಅದರಲ್ಲಿ ಕೂರಿಸಿದರು. ಸಿರ್ಗಾ ಕೋಣೆಯಲ್ಲಿ ಕಳ್ಳತನದಿಂದ ಒಲೆ ಇಟ್ಟುಕೊಂಡಿದ್ದಳಂತೆ, ತಾನೂ ಸುಟ್ಟುಕೊಂಡು ಬೆರ್ಮೆತ್‌ಳ ಬಾಳನ್ನೂ ಸುಟ್ಟಳಂತೆ. ಆ ಕೋಣೆಯಲ್ಲಿ ಒಲೆಯೇ ಇರಲಿಲ್ಲ. ಆದರೆ ಇಲ್ಲದ ಒಲೆಯನ್ನು ಇಲ್ಲ ಎಂದು ತೋರಿಸುವುದು ಹೇಗೆ?

ಬೆರ್ಮೆತ್‌ಳ ಕಡೆಯವರು ಕುದುರೆ ಮತ್ತು ಚಪಾನ್ ಕೇಳಿದರು. ಒಬ್ಬರ ಮನೆಯವರಿಂದ ಇನ್ನೊಬ್ಬರ ಮಗುವಿಗೆ ಕೇಡಾದರೆ, ಕುದುರೆ ಹಿಡಿದುಕೊಂಡು, ಚಪಾನ್ ಎಂಬ ಉದ್ದ ನಿಲುವಂಗಿ ಹೊತ್ತುಕೊಂಡು ಅವರ ಬಾಗಿಲಿಗೆ ಹೋಗಬೇಕು. ಚಪಾನ್ ತಂದವನು ತಪ್ಪು ಒಪ್ಪಿದ ಹಾಗೆ. ತೊಟ್ಟವನು ಹೊಟ್ಟೆಗೆ ಹಾಕಿಕೊಂಡ ಹಾಗೆ. ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ.

ಸಿರ್ಗಾಳ ತಂದೆ, ಹಿರಿಯಣ್ಣ ಎಂಬಂತೆ ನಾವು ‘ಬಾಯ್ಕೆ’ ಎಂದು ಕರೆಯುವ ಕಲ್‌ಮುರಾತ್, ಹೋಗಲಿಲ್ಲ.

ಮೇ ತಿಂಗಳಲ್ಲಿ ಅವರು ಬಿಷ್ಕೆಕ್‌ಗೆ ಬಂದು ನನ್ನ ವಿಭಾಗದ ಬಾಗಿಲಲ್ಲಿ ನಿಂತರು. ಬಿಳಿ ಉಣ್ಣೆಯ ಟೋಪಿ ಕೈಯಲ್ಲಿತ್ತು. ಕುದುರೆ ಮೇಯಿಸುವವರು, ಗೋಡೆಗಳ ನಡುವೆ ಎಲ್ಲಿ ನಿಲ್ಲಬೇಕೆಂದೇ ತಿಳಿಯದಂತೆ ನಿಂತಿದ್ದರು. ಟೀ ಕೊಟ್ಟೆ. ಬಟ್ಟಲನ್ನು ಮುಟ್ಟಲಿಲ್ಲ.

“ಮುಗಾಲಿಮ್,” ಎಂದರು. ಟೀಚರ್ ಎನ್ನುವ ಅದೊಂದೇ ಹೆಸರಿನಿಂದ ಅವರು ನನ್ನನ್ನು ಕರೆಯುತ್ತಿದ್ದದ್ದು. “ನಂಗೆ ಅವ್ರು ಏನೂ ಕೊಡೋದು ಬೇಡ. ಕೋರ್ಟು ಗೀರ್ಟು ನಂಗೆ ಗೊತ್ತಾಗಲ್ಲ. ಒಂದು ಮಾತು ಹೇಳ್ಲಿ ಸಾಕು. ಜನ ತುಂಬಿರೋ ಕಡೆ ಹೇಳ್ಲಿ. ‘ಬಾಗ್ಲಿಗೆ ಬೀಗ ಹಾಕಿದ್ದು ನಾವು, ಹುಡುಗೀದು ಏನೂ ತಪ್ಪಿಲ್ಲ’ ಅಂತ. ಅದನ್ನ ಫೋನಲ್ಲಿ ಹಿಡ್ಕೊಂಡು ಊರಿಗೆ ತಗೊಂಡೋಗ್ತೀನಿ.”

“ಊರಲ್ಲಿ ಹೇಗಿದೆ ಬಾಯ್ಕೆ?”

“ಹೇಗಿರುತ್ತೆ. ನಮ್ಮ ಕುದುರೆ ನೀರಿಗೆ ಹೋದ್ರೆ ಅವ್ರ ಕುದುರೆ ಹಿಡ್ಕೊಂಡು ವಾಪಸ್ ಹೋಗ್ತಾರೆ. ಅವಳಮ್ಮ ಮನೆ ಬಿಟ್ಟು ಆಚೆ ಬರಲ್ಲ. ವರ್ಷದ ಅಶ್ ಬರುತ್ತಲ್ಲ, ಅವತ್ತು ಯಾರೂ ಬರಲ್ವೇನೋ ಅಂತ ಅದೊಂದೇ ಚಿಂತೆ ಅವಳಿಗೆ. ಮಾಂಸ ಬೇಯ್ಸಿಟ್ಕೊಂಡು ನಾವಿಬ್ರೇ ಕೂತ್ಕೋಬೇಕಾ?”

ವರ್ಷ ತುಂಬಿದಾಗ ಸತ್ತವರ ಹೆಸರಿನಲ್ಲಿ ಹಾಕುವ ಊಟವೇ ಅಶ್. ಅಂದು ಅಂಗಳ ತುಂಬಬೇಕು. ಖಾಲಿ ಅಂಗಳದ ಅಶ್ ಅಂದರೆ ಸತ್ತವಳನ್ನು ಊರೇ ಬಿಟ್ಟುಕೊಟ್ಟಂತೆ. ಅವರ ಕೈ ಹಿಡಿದುಕೊಂಡು ಸೀದಾ ರೆಕ್ಟರ್ ಕಚೇರಿಗೆ ಕರೆದುಕೊಂಡು ಹೋದೆ.

ನಮ್ಮ ರೆಕ್ಟರ್ ಕೆಟ್ಟವರಲ್ಲ. ಹೆದರುವವರು, ಅಷ್ಟೇ. ಕೆಟ್ಟವರ ಜೊತೆ ಹೇಗಾದರೂ ಏಗಬಹುದು. ಎದ್ದು ಬಂದು ಕಲ್‌ಮುರಾತ್ ಬಾಯ್ಕೆಯನ್ನು ತಬ್ಬಿಕೊಂಡರು, ಕಣ್ಣಲ್ಲಿ ನೀರು ತಂದುಕೊಂಡರು. ನಿಜವಾದ ನೀರೇ. “ಹಿರಿಯರೇ, ನಿಮ್ಮ ಮಾತು ನ್ಯಾಯವಾದದ್ದು. ಜೂನ್ ಸಮಾರಂಭದಲ್ಲಿ ಅದನ್ನ ಹೇಳಲಾಗುತ್ತೆ” ಎಂದರು.

ಹೊರಗೆ ಮೆಟ್ಟಿಲಿಳಿಯುವಾಗ ಬಾಯ್ಕೆಯ ಮುಖ ಸಡಿಲಾಗಿತ್ತು. “ಹೇಳ್ತಾರಂತಲ್ಲಾ ಮುಗಾಲಿಮ್!”

‘ಹೇಳ್ತೀನಿ’ ಅನ್ನಲಿಲ್ಲ, ‘ಹೇಳಲಾಗುತ್ತೆ’ ಅಂದರು. ನನಗೆ ಅದು ಕೇಳಿಸಿತ್ತು. ಜೀವಮಾನವಿಡೀ ಅದನ್ನೇ ಕೇಳಿಸಿಕೊಂಡವಳು ನಾನು. ಆದರೆ ಆ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ.

ಮೊದಲ ಕರಡಿನಲ್ಲಿ ನಾನು ಮೂರು ಸಣ್ಣ ವಾಕ್ಯ ಬರೆದೆ. ‘ಹಿಂಬಾಗಿಲಿಗೆ ನಾವು ಬೀಗ ಹಾಕಿದ್ದೆವು. ಸಿರ್ಗಾ ಅದರಿಂದ ಸತ್ತಳು. ಅವಳ ತಪ್ಪು ಏನೂ ಇಲ್ಲ.’ ಅಷ್ಟು ವರ್ಷಗಳಲ್ಲಿ ರೆಕ್ಟರ್ ಬಾಯಿಗೆ ನಾನು ಅಷ್ಟು ಗಿಡ್ಡ ವಾಕ್ಯ ಕೊಟ್ಟದ್ದೇ ಇಲ್ಲ. ಬರೆದು ಮುಗಿಸಿದಾಗ ಮೈ ಹಗುರಾಗಿತ್ತು.

ಮೇದೆತ್ ಅದನ್ನು ಓದಿ ಕನ್ನಡಕ ತೆಗೆದ.

“ಎಜೆ, ಇದು ಭಾಷಣನಾ, ಪೊಲೀಸ್ ಹೇಳಿಕೆನಾ?”

“ಅಕ್ಕ ಅಂತ ಕರೀತೀಯಲ್ಲ, ಹಾಗಾದ್ರೆ ಅಕ್ಕನ ಮಾತು ಕೇಳು. ರೆಕ್ಟರ್ ಮಾತು ಕೊಟ್ಟಿದ್ದಾರೆ.”

“ಕೊಟ್ಟಿದ್ದಾರೆ, ನಾನೂ ಇಲ್ಲ ಅನ್ನಲ್ಲ. ಆದ್ರೆ ಈ ‘ನಾವು’ ಯಾರು? ರೆಕ್ಟರಾ? ವಾರ್ಡನ್ನಾ? ನಾನಾ? ನೀವೂ ಇದೇ ಸಂಬಳ ತಿನ್ನೋರು, ನೀವಾ? ನಾಳೆ ಬೆಳಗ್ಗೆ ವಕೀಲ ಬಂದು ಈ ‘ನಾವು’ ಕೈಗೆ ಬೇಡಿ ಹಾಕ್ತಾನೆ.”

“ಹಾಕ್ಲಿ ಬಿಡು.”

“ನೀವು ಹಾಗನ್ನಬಹುದು, ಎಜೆ. ನಂಗೆ ಇಬ್ರು ಮಕ್ಳಿದಾರೆ.”

ಎರಡು ದಿನ ಬಿಟ್ಟು ಅವನದೇ ಕರಡು ನನ್ನ ಮುಂದಿಟ್ಟ. ಓದಿದೆ. ಮತ್ತೊಮ್ಮೆ ಓದಿದೆ. ‘ನಾವು’ ಮಾಯವಾಗಿತ್ತು. ಬೀಗವೂ ಇರಲಿಲ್ಲ. ‘ಬಾಗಿಲು ತೆರೆಯದೇ ಹೋದ ಆ ಕರಾಳ ನಸುಕಿನಲ್ಲಿ’ ಎಂದಿತ್ತು. ತೆರೆಯದೇ ಹೋದದ್ದು ಬಾಗಿಲಿನ ತಪ್ಪಂತೆ, ಪಾಪ, ಅದಕ್ಕೇ ಮನಸ್ಸಾಗಲಿಲ್ಲವಂತೆ. ‘ಅವಳ ತಪ್ಪು ಏನೂ ಇಲ್ಲ’ ಎಂಬುದು ‘ನಿಷ್ಕಳಂಕ ನಗೆಯ ಸಿರ್ಗಾ’ ಆಗಿತ್ತು. ಹುಡುಗಿಯ ಮೇಲಿನ ಕಳಂಕ ತೊಳೆಯಿರಿ ಎಂದರೆ ಅವಳ ನಗುವನ್ನು ತೊಳೆದು ಇಟ್ಟಿದ್ದ. ಇಷ್ಟೂ ಒಂದು ಉದ್ದನೆಯ ವಾಕ್ಯದ ಹೊಟ್ಟೆಯೊಳಗೆ, ಹೊಸ ಹಾಸ್ಟೆಲಿನ ಹೆಮ್ಮೆಗೂ ಚಳಿಗಾಲದ ಒಗ್ಗಟ್ಟಿಗೂ ಒತ್ತಿಕೊಂಡು ಕೂತಿತ್ತು. ಕೊನೆಗೆ ‘ಅಭಿನಂದಿಸುತ್ತದೆ.’

“ಬಾಗಿಲು ಇದೆ, ಹೆಸರಿದೆ, ಕಳಂಕ ಇಲ್ಲ ಅಂತಾನೂ ಇದೆ,” ಎಂದ ಮೇದೆತ್. “ನಿಮ್ಮ ಮಾತು ಒಂದನ್ನೂ ನಾನು ಆಚೆ ಹಾಕಿಲ್ಲ ನೋಡಿ. ಜಾಗ ಬದಲಾಯಿಸಿದೆ, ಅಷ್ಟೇ. ನೀವೇ ಕಲಿಸಿದ್ದು.”

ಅವನು ಚುಚ್ಚಲು ಹೇಳಲಿಲ್ಲ. ಹೆಮ್ಮೆಯಿಂದ ಹೇಳಿದ. ಅದಕ್ಕೇ ಹೆಚ್ಚು ಉರಿಯಿತು.

ಜಗಳವಾಡಿದೆ, ಕಣ್ಣೀರು ಹಾಕಿದೆ, ರೆಕ್ಟರ್ ಕಚೇರಿಯ ಮುಂದೆ ಒಂದು ಮಧ್ಯಾಹ್ನ ಪೂರ್ತಿ ಕೂತೆ. ಅವರು ಸಭೆಯಲ್ಲಿದ್ದರು. ಮರುದಿನವೂ ಸಭೆಯಲ್ಲಿದ್ದರು. ಆಗ ನನಗೊಂದು ಉಪಾಯ ಹೊಳೆಯಿತು. ಅದು ಹೊಳೆಯದೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

ಯಾವ ಸಮಾರಂಭವೂ ನಮ್ಮಲ್ಲಿ ಬಾತಾ ಇಲ್ಲದೆ ಮುಗಿಯುವುದಿಲ್ಲ. ಒಬ್ಬ ಹಿರಿಯ ಎದ್ದು ಅಂಗೈ ಬಿಚ್ಚಿ ಹರಸುತ್ತಾನೆ, ಸಭೆಯೆಲ್ಲ ಅಂಗೈ ಬಿಚ್ಚಿ ಕೇಳುತ್ತದೆ, ‘ಓಮೀನ್’ ಎಂದು ಎಲ್ಲರೂ ಮುಖ ಸವರಿಕೊಳ್ಳುತ್ತಾರೆ. ಭಾಷಣಕ್ಕೆ ಕರಡು ಇದೆ, ಬಾತಾಕ್ಕೆ ಕರಡು ಇಲ್ಲ. ಹಿರಿಯ ಬಾಯಿ ತೆರೆದ ಮೇಲೆ ರೆಕ್ಟರ್ ಅಲ್ಲ, ದೇಶದ ಅಧ್ಯಕ್ಷರೇ ಬಂದರೂ ತಡೆಯುವಂತಿಲ್ಲ. ಅಲ್ಲಿಗೆ ಮೇದೆತ್‌ನ ಕೆಂಪು ಪೆನ್ನು ನುಗ್ಗಲಾರದು.

“ಈ ಸಲ ಬಾತಾ ಕಲ್‌ಮುರಾತ್ ಬಾಯ್ಕೆ ಕೊಡ್ಲಿ,” ಎಂದೆ ಮೇದೆತ್‌ಗೆ, ಸೋತವಳ ದನಿ ಮಾಡಿ. “ಅಷ್ಟಾದ್ರೂ ಮರ್ಯಾದೆ ಸಿಗ್ಲಿ.”

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ನಿಧಾನವಾಗಿ ತಲೆಯಾಡಿಸಿ, “ಒಳ್ಳೆ ಯೋಚನೆ ಎಜೆ. ಬಹಳ ಒಳ್ಳೆ ಯೋಚನೆ” ಎಂದ.

ನಾನು ಗೆದ್ದೆ ಅಂದುಕೊಂಡೆ. ಊರಿಗೆ ಫೋನ್ ಮಾಡಿದೆ. “ಬಾಯ್ಕೆ, ಅವರು ಸುತ್ತಿ ಬಳಸಿ ಏನೋ ಹೇಳ್ತಾರೆ, ಅದನ್ನ ನಂಬ್ಕೋಬೇಡಿ. ಕೊನೆಗೆ ನಿಮ್ಮನ್ನ ಬಾತಾಕ್ಕೆ ಕರೀತಾರೆ. ಆಗ ನೀವೇ ಹೇಳ್ಬಿಡಿ. ಬೀಗ ಹಾಕಿದ್ದು ಯಾರು ಅಂತ ನೀವೇ ಹೇಳ್ಬಿಡಿ.”

“ಬಾತಾದಲ್ಲಾ?” ಎಂದರು. “ಆಗ್ಲಿ ನೋಡೋಣ ಮುಗಾಲಿಮ್.”

ಸಮಾರಂಭದ ದಿನ ಸಭಾಂಗಣ ಕಿಕ್ಕಿರಿದಿತ್ತು. ಹೂಗೊಂಚಲು, ಅತ್ತರು, ಮಕ್ಕಳ ಅಳು, ಎಲ್ಲೆಲ್ಲೂ ಮೇಲೆತ್ತಿದ ಫೋನುಗಳು. ಕಲ್‌ಮುರಾತ್ ಬಾಯ್ಕೆ ಮೊದಲ ಸಾಲಿನಲ್ಲಿ ಹೊಸ ಅಂಗಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ನಾನು. ಅವರ ಫೋನು ನನ್ನ ಕೈಯಲ್ಲಿತ್ತು, ಹಿಡಿಯುವ ಕೆಲಸ ನನಗೆ ಬಿಟ್ಟಿದ್ದರು. ರಾಷ್ಟ್ರಗೀತೆ ಮುಗಿಯಿತು. ರೆಕ್ಟರ್ ಬಂದರು, ಗಂಟಲು ಸರಿ ಮಾಡಿಕೊಂಡರು. ವಂದನೆಗಳೆಲ್ಲ ಆದ ಮೇಲೆ ಆ ವಾಕ್ಯ ಹೊರಟಿತು:

“ಈ ನಾಡಿನ ಜ್ಞಾನದೀಪವನ್ನು ತಲೆಮಾರುಗಳಿಂದ ಎತ್ತಿ ಹಿಡಿದಿರುವ ನಮ್ಮ ವಿದ್ಯಾಸಂಸ್ಥೆಯು, ಬಾಗಿಲು ತೆರೆಯದೇ ಹೋದ ಆ ಕರಾಳ ನಸುಕಿನಲ್ಲಿ ನಮ್ಮನ್ನಗಲಿದ ನಿಷ್ಕಳಂಕ ನಗೆಯ ಸಿರ್ಗಾಳ ನೆನಪನ್ನು ಎದೆಯಲ್ಲಿಟ್ಟುಕೊಂಡು, ಕಠಿಣ ಚಳಿಗಾಲವನ್ನು ಒಗ್ಗಟ್ಟಿನಿಂದ ದಾಟಿ, ಬರುವ ಸೆಪ್ಟೆಂಬರಿನಲ್ಲಿ ನಿಮ್ಮ ತಮ್ಮ ತಂಗಿಯರನ್ನು ಬರಮಾಡಿಕೊಳ್ಳಲಿರುವ ಹೊಚ್ಚಹೊಸ ವಸತಿನಿಲಯದ ಹೆಮ್ಮೆಯೊಂದಿಗೆ, ಇಂದು ಪದವಿ ಪಡೆಯುತ್ತಿರುವ ನಿಮ್ಮೆಲ್ಲರನ್ನೂ ಮನಸಾರೆ ಅಭಿನಂದಿಸುತ್ತದೆ!”

ಸಭಾಂಗಣ ಒಡೆದುಹೋಗುವಂತೆ ಚಪ್ಪಾಳೆ. ಶಿಳ್ಳೆ. ಹಿಂದಿನಿಂದ ಯಾರೋ ಟೋಪಿ ಮೇಲಕ್ಕೆಸೆದರು. ಸಿರ್ಗಾ ಎಂಬ ಹೆಸರು ಬಂದದ್ದು ಅವಳ ಗೆಳತಿಯರಿಗೂ ಕೇಳಿಸಿತೋ ಇಲ್ಲವೋ, ಅವರೂ ತಟ್ಟುತ್ತಿದ್ದರು. ಬಾಯ್ಕೆ ನನ್ನ ಕಡೆ ಬಗ್ಗಿ, “ಹೇಳಿದ್ರಾ?” ಎಂದು ಕೇಳಿದರು.

“ಹೆಸರು ಹೇಳಿದ್ರು” ಎಂದೆ.

“ಬೀಗ?”

“ಇಲ್ಲ ಬಾಯ್ಕೆ.”

ಅವರು ಸುತ್ತ ನೋಡಿದರು, ತಟ್ಟುತ್ತಿದ್ದ ಕೈಗಳನ್ನೆಲ್ಲ ಒಂದೊಂದಾಗಿ ನೋಡುವವರಂತೆ. ಅಷ್ಟರಲ್ಲಿ ಬಾತಾಕ್ಕೆ ಅವರ ಹೆಸರು ಕೂಗಿದರು. ‘ನೋವನ್ನು ನುಂಗಿ ನಮ್ಮ ಮಕ್ಕಳನ್ನು ಹರಸಲು ಬಂದ ದೊಡ್ಡ ಮನಸ್ಸಿನ ಹಿರಿಯರು’ ಎಂದು ಮೇದೆತ್ ಮೈಕಿನಲ್ಲಿ ಹೇಳುತ್ತಿದ್ದ. ಬಾಯ್ಕೆ ಮೆಟ್ಟಿಲು ಹತ್ತಿದರು. ನಾನು ಫೋನ್ ಎತ್ತಿ ಹಿಡಿದೆ.

ಆಗ ಪರದೆಯ ಹಿಂದಿನಿಂದ ಇಬ್ಬರು ಹುಡುಗಿಯರು ತಟ್ಟೆ ಹಿಡಿದು ಬಂದರು. ತಟ್ಟೆಯ ಮೇಲೆ ಕಪ್ಪು ಮಖಮಲ್ಲಿನ ಚಪಾನ್, ಅಂಚಿಗೆಲ್ಲ ಚಿನ್ನದ ದಾರದ ಕಸೂತಿ. ರೆಕ್ಟರ್ ಅದನ್ನು ಬಿಡಿಸಿ, ಬಾಯ್ಕೆಯ ಹೆಗಲಿಗೆ ಹಾಕಿ, ತಾವೇ ಒಂದೊಂದು ತೋಳಿಗೆ ಅವರ ಕೈ ತೂರಿಸಿದರು. ಮಗುವಿಗೆ ಅಂಗಿ ಹಾಕುವ ಹಾಗೆ. ಆಮೇಲೆ ಎರಡೂ ಕೈಯಿಂದ ಅವರ ಕೈ ಹಿಡಿದು ತಲೆ ಬಾಗಿಸಿದರು.

ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಕೀಲ ಹಿಡಿಯುತ್ತಿದ್ದ. ಚಪಾನ್ ತೊಡಿಸಿದ್ದನ್ನು ಯಾವ ವಕೀಲ ಹಿಡಿಯುತ್ತಾನೆ? ಕಾಗದದವರಿಗೆ ಅದು ಸನ್ಮಾನ, ನಮ್ಮ ಜನರಿಗೆ ರಾಜಿ. ನಾನು ಮೇದೆತ್‌ನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. ನಾನು ಬಾಗಿಲು ತೆರೆದಿಟ್ಟಿದ್ದೆ, ಅವನು ಆ ಬಾಗಿಲಿನಿಂದಲೇ ಒಳಗೆ ಬಂದಿದ್ದ.

ಬಾಯ್ಕೆ ಮೈಕಿನ ಮುಂದೆ ನಿಂತರು. ಕೈ ಎತ್ತಿದರು. ಒಂದು ಕ್ಷಣ ಅವರ ಅಂಗೈ ಹೊರಕ್ಕೆ, ಸಭೆಯ ಕಡೆಗೆ ತಿರುಗಿತ್ತೋ ಅಥವಾ ದೊಡ್ಡ ತೋಳು ಕೈಗೆ ತೊಡರಿ ಹಾಗೆ ಕಂಡಿತೋ ತಿಳಿಯದು. ಅಂಗೈ ಹೊರಗೆ ಮಾಡಿ ಕೊಡುವುದು ಶಾಪ. ರೆಕ್ಟರ್ ಮುಖದ ಬಣ್ಣ ಹೋಯಿತು. ನಾನು ಮನಸ್ಸಿನಲ್ಲೇ ‘ಕೊಡಿ ಬಾಯ್ಕೆ, ಕೊಟ್ಟುಬಿಡಿ’ ಎಂದು ಕೂಗಿದೆ.

ಅವರು ಕೆಳಗೆ ನೋಡಿದರು. ಸಿರ್ಗಾಳ ಸಹಪಾಠಿಗಳೆಲ್ಲ, ಅವಳೂ ತೊಡಬೇಕಿದ್ದ ಪದವಿಯ ಗೌನು ತೊಟ್ಟು, ಅಂಗೈ ಬಿಚ್ಚಿಕೊಂಡು ಅವರನ್ನೇ ನೋಡುತ್ತಿದ್ದರು. ಬಾಯ್ಕೆಯ ಅಂಗೈ ಒಳಕ್ಕೆ ತಿರುಗಿತು.

“ಮಕ್ಳೇ, ನಿಮ್ಮ ಒಲೆಯ ಬೆಂಕಿ...” ಎಂದು ಶುರು ಮಾಡಿ ನಿಂತುಬಿಟ್ಟರು. ಒಲೆಯ ಬೆಂಕಿ ಆರದಿರಲಿ ಎಂದೇ ನಮ್ಮ ಎಲ್ಲ ಬಾತಾಗಳೂ ಶುರುವಾಗುವುದು. ಅವರು ಆ ಮಾತು ಬಿಟ್ಟು ಬೇರೆ ಕಡೆಯಿಂದ ಹಿಡಿದರು. “ನಿಮ್ಮ ದಾರಿ ತೆರೆದಿರ್ಲಿ. ಎಲ್ಲಿ ಹೋದ್ರೂ ಮನೆಗೆ ವಾಪಸ್ ಬನ್ನಿ. ನಿಮ್ಮಪ್ಪ ಅಮ್ಮಂಗಿಂತ ಮುಂಚೆ ಹೋಗ್ಬೇಡಿ. ಓಮೀನ್.”

‘ಓಮೀನ್’ ಎಂದಿತು ಸಭಾಂಗಣ. ಎಲ್ಲರೂ ಮುಖ ಸವರಿಕೊಂಡರು. ನಾನೂ ಸವರಿಕೊಂಡೆ, ಅಭ್ಯಾಸ.

ಹೊರಗೆ ಮರದ ನೆರಳಿನಲ್ಲಿ ಅವರು ಚಪಾನ್ ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಿದ್ದರು. ನಾನು ಕೋಪ ತಡೆಯಲಾರದೆ, “ಯಾಕೆ ಹೇಳ್ಲಿಲ್ಲ ಬಾಯ್ಕೆ? ಅದೊಂದೇ ಜಾಗ ಇತ್ತು!” ಎಂದುಬಿಟ್ಟೆ.

“ಅಷ್ಟು ಮಕ್ಳು ಕೈ ಒಡ್ಡಿದ್ರಲ್ಲಮ್ಮಾ,” ಎಂದರು. “ಅವಳ ಜೊತೆ ಓದಿದೋರು. ಆ ಕೈಯಲ್ಲಿ ನನ್ನ ಜಗಳ ಹೇಗೆ ಇಡ್ಲಿ? ಬಾತಾದಲ್ಲಿ ಅದೆಲ್ಲ ಬರಲ್ಲ ಮುಗಾಲಿಮ್. ನೀವು ಓದಿದೋರು, ನಿಮಗೆ ಗೊತ್ತಿರಬೇಕಿತ್ತು.”

ಗೊತ್ತಿರಬೇಕಿತ್ತು. ಎಲ್ಲ ಮಾತಿನ ಒಳಗೂ ಎಲ್ಲವನ್ನೂ ಸಿಕ್ಕಿಸಬಹುದು ಎಂದು ನಂಬಿಕೊಂಡಿದ್ದವಳಿಗೆ ಅಷ್ಟು ಹೊಳೆದಿರಲಿಲ್ಲ.

ಬಾಯ್ಕೆ ಊರು ಮುಟ್ಟುವ ಮುಂಚೆಯೇ ವಿಡಿಯೋ ಊರು ಮುಟ್ಟಿತ್ತು. ಭಾಷಣವನ್ನು ಯಾರೂ ಪೂರ್ತಿ ನೋಡಲಿಲ್ಲವಂತೆ. ಚಪಾನ್ ತೊಟ್ಟದ್ದನ್ನು, ಬಾತಾ ಕೊಟ್ಟದ್ದನ್ನು ಮತ್ತೆ ಮತ್ತೆ ನೋಡಿದರಂತೆ. ‘ಯೂನಿವರ್ಸಿಟಿಯವರದು ತಪ್ಪಾಗಿದ್ದರೆ ಯಾವ ತಂದೆ ಅವರನ್ನು ಹರಸುತ್ತಾನೆ?’ ಎಂಬ ಮಾತು ಮನೆಯಿಂದ ಮನೆಗೆ ಹೋಯಿತು. ‘ಅವರಿಂದ ಮಖಮಲ್ಲಿನ ಚಪಾನ್ ತಗೊಂಡ, ನಮ್ಮ ಹುಡುಗಿಯ ಕೈಗೆ ಮಾತ್ರ ಏನೂ ಇಲ್ಲ’ ಎಂದರು ಬೆರ್ಮೆತ್‌ಳ ಕಡೆಯವರು. ತಂದೆ ತೆರೆದ ಅಂಗೈಯೇ ಮಗಳ ಮೇಲೆ ಸಾಕ್ಷಿ ಹೇಳಿತು. ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಹೋದಾಗ ಅವರ ಗುಡಾರದ ಸುತ್ತ ಬೇರೆ ಯಾರೂ ಗುಡಾರ ಹಾಕಲಿಲ್ಲ.

ಚಳಿಗಾಲದಲ್ಲಿ, ಅಶ್ ಹತ್ತಿರವಾದಾಗ, ಬಾಯ್ಕೆ ಫೋನ್ ಮಾಡಿದರು. “ಕುದುರೆ ತಗೊಂಡೋಗ್ತಾ ಇದ್ದೀನಿ ಮುಗಾಲಿಮ್. ಅವಳಮ್ಮ ಊಟ ಬಿಟ್ಟಿದ್ದಾಳೆ. ಮಾತು ಬಲ್ಲೋರು ಒಬ್ರು ಜೊತೆಗಿರಬೇಕು. ಬರ್ತೀರಾ?”

ಹೋದೆ. ಹಿಮ ಬಿದ್ದಿದ್ದ ಘಾಟಿ ದಾಟುವಷ್ಟು ಹೊತ್ತೂ ನಾನು ವಾಕ್ಯ ಕಟ್ಟುತ್ತಿದ್ದೆ. ರಾಜಿಯೂ ಆಗಬೇಕು, ಸಿರ್ಗಾಳ ಮೇಲೆ ಏನೂ ಬರಬಾರದು, ಅಂಥದ್ದೊಂದು ವಾಕ್ಯ. ಅದು ನನ್ನ ಕಸುಬಲ್ಲವೇ? ರೆಕ್ಟರಿಗೆ ಮಾಡಿಕೊಟ್ಟದ್ದನ್ನು ಈ ಮನುಷ್ಯನಿಗೂ ಮಾಡಿಕೊಡುತ್ತೇನೆ ಅಂದುಕೊಂಡೆ.

ಬೆರ್ಮೆತ್‌ಳ ದೊಡ್ಡಪ್ಪನ ಅಂಗಳದಲ್ಲಿ ಗಂಡಸರು ಸಾಲಾಗಿ ನಿಂತಿದ್ದರು. ಬಾಯ್ಕೆ ಕುದುರೆಯ ಲಗಾಮು ಹಿಡಿದಿದ್ದರು, ಒಳ್ಳೆಯ ಬೂದು ಕುದುರೆ. ಜೀನಿನ ಮೇಲೆ ಆ ಕಪ್ಪು ಮಖಮಲ್ಲಿನ ಚಪಾನ್. ಬೇರೆ ಹೊಲಿಸುವ ಗೋಜಿಗೆ ಅವರು ಹೋಗಿರಲಿಲ್ಲ. ನಾನು ಮುಂದೆ ಬಂದು, ಕೈ ಎದೆಗೊತ್ತಿ, ದಾರಿಯುದ್ದಕ್ಕೂ ನಯ ಮಾಡಿದ್ದನ್ನು ಹೇಳಿದೆ: “ಆಗಬಾರದ್ದು ಆಗಿಹೋಯಿತು. ಎರಡು ಮನೆಗೂ ನೋವಾಯಿತು. ಆದ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ನಮ್ಮ ಈ ಕುದುರೆಯನ್ನು ಸ್ವೀಕರಿಸಿ.”

ದೊಡ್ಡಪ್ಪ ತಾಳ್ಮೆಯಿಂದ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯನೇ, ಮುಖದಲ್ಲಿ ದ್ವೇಷ ಇರಲಿಲ್ಲ.

“ಚೆನ್ನಾಗಿ ಮಾತಾಡಿದ್ರಿ ತಂಗಿ,” ಎಂದರು. “ಆದ್ರೆ ತಪ್ಪು ಆಯ್ತು ಅಂದ್ರೆ ಏನು, ಅದೇನು ಮಳೆನಾ ತಾನಾಗೇ ಆಗೋಕೆ? ನಮ್ಮ ಹುಡುಗಿ ತನ್ನ ಕೈಯಾರೆ ಒಂದು ಬಟ್ಟಲು ಎತ್ಕೊಳ್ಳಲಾರಳು. ಯಾರಿಂದ ಆಯ್ತು ಅಂತ ಹೇಳಿ. ಅಷ್ಟು ಹೇಳಿದ್ರೆ ಸಾಕು, ಕುದುರೆ ಇಲ್ಲದಿದ್ರೂ ನಡೆಯುತ್ತೆ.”

ಎಷ್ಟು ನ್ಯಾಯವಾದ ಮಾತು! ಕಲ್‌ಮುರಾತ್ ಬಾಯ್ಕೆ ಮೇ ತಿಂಗಳಲ್ಲಿ ನಮ್ಮನ್ನು ಕೇಳಿದ್ದೂ ಇದನ್ನೇ. ರೆಕ್ಟರ್ ವಾಕ್ಯ ಕೇಳಿ ಯಾರಿಂದ ಎಂದು ಕೇಳುವವರು ಆ ಸಭಾಂಗಣದಲ್ಲಿ ಒಬ್ಬರೂ ಇರಲಿಲ್ಲ. ಬಡವನ ವಾಕ್ಯವನ್ನು ಮಾತ್ರ ಎಲ್ಲರೂ ಬಿಚ್ಚಿ ನೋಡುತ್ತಾರೆ. ನಾನು ಇನ್ನೊಂದು ಸುತ್ತು ಮಾತಿಗೆ ಬಾಯಿ ತೆರೆದೆ.

“ಬಿಡಿ ಮುಗಾಲಿಮ್,” ಎಂದರು ಬಾಯ್ಕೆ. ಟೋಪಿ ತೆಗೆದು ಒಂದು ಹೆಜ್ಜೆ ಮುಂದೆ ಬಂದರು. “ನನ್ನ ಮಗಳಿಂದ. ಸಿರ್ಗಾ ಒಲೆ ಹಚ್ಚಿದ್ಲು. ನಿಮ್ಮ ಹುಡುಗಿ ಕೈ ನನ್ನ ಮಗಳು ಸುಟ್ಲು. ಕ್ಷಮಿಸ್ಬಿಡಿ.”

ಆ ಇಡೀ ವರ್ಷದಲ್ಲಿ, ಸಮಿತಿಯಿಂದ ಹಿಡಿದು ರೆಕ್ಟರ್ ತನಕ, ನನ್ನಿಂದ ಹಿಡಿದು ಮೇದೆತ್ ತನಕ ಯಾರ ಬಾಯಿಂದಲೂ ಇಂಥ ವಾಕ್ಯ ಬಂದಿರಲಿಲ್ಲ. ಯಾರು, ಯಾರಿಗೆ, ಏನು ಮಾಡಿದರು, ಎಲ್ಲ ಅದರಲ್ಲಿ ಇತ್ತು. ನಿಜವೊಂದೇ ಇರಲಿಲ್ಲ.

ದೊಡ್ಡಪ್ಪನ ಕಣ್ಣು ತುಂಬಿತು. ಬಂದು ಬಾಯ್ಕೆಯನ್ನು ತಬ್ಬಿಕೊಂಡರು, ಚಪಾನ್ ತೊಟ್ಟರು, ಗಂಡಸರೆಲ್ಲ ಮುಖ ಸವರಿಕೊಂಡರು. ಒಳಗೆ ಕರೆದು ಮಾಂಸ ಬಡಿಸಿದರು. ಅಶ್‌ಗೆ ಎಲ್ಲರೂ ಬರುತ್ತೇವೆ, ಕುದುರೆ ಕಟ್ಟಲು ನಮ್ಮ ಅಂಗಳವನ್ನೂ ಬಳಸಿಕೊಳ್ಳಿ ಎಂದರು.

ಮನೆಗೆ ಬಂದಾಗ ಸಿರ್ಗಾಳ ತಾಯಿ ಬಾಗಿಲಲ್ಲೇ ಕಾಯುತ್ತಿದ್ದರು. “ಬರ್ತಾರಂತಾ?”

“ಬರ್ತಾರೆ. ಎಲ್ರೂ ಬರ್ತಾರೆ.”

ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆಮೇಲೆ ನನ್ನ ಕಡೆ ತಿರುಗಿ, ಎಷ್ಟೋ ತಿಂಗಳ ನಂತರ ಮೊದಲ ಸಲ ನಕ್ಕಂತೆ ನಕ್ಕು, ನನ್ನ ಎರಡೂ ಕೈ ಹಿಡಿದರು. “ನೋಡಿದ್ರಾ, ಅವಳದೇನೂ ತಪ್ಪಿಲ್ಲ ಅಂತ ಕೊನೆಗೂ ಒಪ್ಕೊಂಡ್ರಲ್ಲ! ನೀವು ಚೆನ್ನಾಗಿ ಹೇಳಿರ್ತೀರಿ ಮುಗಾಲಿಮ್.”

ಬಾಯ್ಕೆ ಬೂಟು ಬಿಚ್ಚುತ್ತಾ ತಲೆ ಎತ್ತಲಿಲ್ಲ. ನಾನು ಹೌದು ಎಂದೆ.